ಬಾಗಿಲ ಕಡೆಯ ಕುರ್ಚಿ

ಲಾರಿಯಿಂದ ಇಳಿದ ಬಟ್ಟೆ ಒಗೆಯುವ ಮಷೀನನ್ನು ನೋಡಿದ್ದೇ, ಅವಳ ಕೈಯ ಇಸ್ತ್ರಿಪೆಟ್ಟಿಗೆ ಹಾಗೇ ನಿಂತಿತು.

ಬಲಮೂಲೆಯಲ್ಲಿ ಅದೇ ತಗ್ಗು. ಬಾಗಿಲ ಪಕ್ಕ ಕಿತ್ತ ಸ್ಟಿಕ್ಕರಿನ ಗೋಂದು. ಅವಳದೇ! ನಷ್ಟದಲ್ಲಿ ಮುಳುಗಿಹೋದ ಅವಳ ಲಾಂಡ್ರಿಯ ಮಷೀನು, ಈಗ ಅವಳು ಸಂಬಳಕ್ಕೆ ಇಸ್ತ್ರಿ ಮಾಡುವ ಲಾಂಡ್ರಿಗೇ ಬಂದಿದೆ.

ಹಿಂದೆಯೇ ಸ್ಪ್ಯಾನರ್ ಹಿಡಿದು ಒಬ್ಬ ಒಳಬಂದ.

ಅವನೇ... ಮಷೀನು ಬಿಚ್ಚಿ ಕೂರಿಸುವ ಮೆಕ್ಯಾನಿಕ್. ಅವನನ್ನೇ ಮದುವೆಯಾಗುತ್ತೇನೆಂದು ಮಾತು ಕೊಟ್ಟವಳು ಅವಳು. ವರ್ಷದಿಂದ ಅವನ ಫೋನ್ ಎತ್ತದವಳೂ ಅವಳೇ.

ಕಣ್ಣು ಕೂಡಿದವು. ಅವಳು ತಟ್ಟನೆ ತಲೆ ತಗ್ಗಿಸಿದಳು.

'ಇಲ್ಲಿ ಯಾರಿಗೂ ಗೊತ್ತಿಲ್ಲ... ದಯವಿಟ್ಟು ಬಾಯಿ ಬಿಡಬೇಡ!'

"ಅಕ್ಕಾ, ಅಂಗಿ ಸುಡ್ತಿದೆ!" ಪಕ್ಕದ ಹುಡುಗಿ ಕೂಗಿದಳು. "ಮೆಕ್ಯಾನಿಕ್ಕನ್ನ ಆಮೇಲೆ ನೋಡುವಿರಂತೆ, ಅಂಗಿ ಗಿರಾಕೀದು."

ಆ ಮಷೀನನ್ನು ಅವಳು ತಿಂಗಳ ಕಂತಿನ ಮೇಲೆ ಲೀಸಿಗೆ ತಂದಿದ್ದಳು. ವ್ಯಾಪಾರ ಬಿದ್ದರೆ ಉಳಿದ ಕಂತು ತಾನೇ ಕಟ್ಟುತ್ತೇನೆಂದು ಸ್ವಂತ ಜಾಮೀನು ಹಾಕಿದ್ದಳು. ವ್ಯಾಪಾರ ಬಿತ್ತು. ಲೀಸ್ ಕಂಪನಿ ಮಷೀನನ್ನು ಎತ್ತಿಕೊಂಡು ಹೋಗಿ ಹರಾಜು ಹಾಕಿತು. ಹರಾಜಿನ ಹಣ ಸಾಲಲಿಲ್ಲ. ಮಿಕ್ಕ ಸಾಲಕ್ಕೆ ಈಗಲೂ ಅವಳ ಅರ್ಧ ಸಂಬಳ ಹೋಗುತ್ತಿತ್ತು.

ಅದನ್ನಾದರೂ ಸಹಿಸಬಹುದಿತ್ತು. ಎತ್ತಿಕೊಂಡು ಹೋಗಲು ಬಂದವರ ಜೊತೆ ಇವನೂ ಇದ್ದ! ಬೋಲ್ಟು ಬಿಚ್ಚಿದ್ದು ಇವನದೇ ಕೈ. ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಅವಳು ಹಿಂಬಾಗಿಲಿನಿಂದ ಓಡಿಹೋಗಿದ್ದಳು.

"ಏನ್ರೀ ಇದು, ಬಾಗಿಲೇ ಹಾಕ್ಕೊಳ್ತಿಲ್ಲ!" ಮಷೀನು ನೋಡುತ್ತಿದ್ದ ಲಾಂಡ್ರಿ ಯಜಮಾನರ ದನಿ ಏರಿತು. "ಯಾವ ದಡ್ಡರ ಕೈಲಿತ್ರೀ ಇದು?"

"ಚೆನ್ನಾಗೇ ನೋಡ್ಕೊಂಡಿದ್ರು ಸಾರ್."

"ಯಾರು ಅವರು?"

ಅವನು ಅವಳತ್ತ ತಿರುಗಲಿಲ್ಲ. "ಗೊತ್ತಿಲ್ಲ ಸಾರ್."

"ಗೊತ್ತಿಲ್ಲದ ಮಾಲು ತಂದು ನನ್ನ ತಲೆಗೆ ಕಟ್ತೀರಾ? ವಾಪಸ್ ತಗೊಂಡು ಹೋಗಿ. ಲಾರಿ ಬಾಡಿಗೆ ನಿಮ್ದೇ!"

ಅವನು ಮತ್ತೊಮ್ಮೆ ಬಾಗಿಲು ತಳ್ಳಿದ. ಕೂರಲಿಲ್ಲ. ಕಿವಿ ಕೆಂಪಾಗಿದ್ದವು. ಆದರೂ ಸುಮ್ಮನೆ ಬೈಸಿಕೊಂಡ.

'ನನಗೋಸ್ಕರ ಸುಳ್ಳು ಹೇಳಿದ...'

ಅವಳು ಇಸ್ತ್ರಿಪೆಟ್ಟಿಗೆ ಇಳಿಸಿದಳು. ನಡೆದು ಹೋಗಿ, ಬಾಗಿಲನ್ನು ಸ್ವಲ್ಪ ಮೇಲೆತ್ತಿ, ಕೆಳಗೆ ಮಂಡಿಯಿಂದ ಒಂದು ಗುದ್ದು ಕೊಟ್ಟಳು.

ಟಕ್!

ಯಜಮಾನರು ಕಣ್ಣರಳಿಸಿದರು. "ನಿಂಗೆ ಹೇಗಮ್ಮ ಗೊತ್ತು?"

"ಆ ದಡ್ಡಿ ನಾನೇ ಸಾರ್. ಇದು ನನ್ನ ಲಾಂಡ್ರೀದು. ಮುಳುಗಿಸ್ಕೊಂಡೆ. ಸಾಲ ಇನ್ನೂ ಕಟ್ತಾ ಇದ್ದೀನಿ."

ನಾಚಿಕೆಗೆ ಅವಳ ಮುಖ ಬಿಸಿಯಾಯಿತು. ಪಕ್ಕದ ಹುಡುಗಿ ಬಾಯಿಗೆ ಕೈ ಇಟ್ಟುಕೊಂಡಳು. ಯಜಮಾನರು ಕೆಮ್ಮಿದರು.

"ಹಾಗಾದ್ರೆ ನಾಳೆಯಿಂದ ಇದನ್ನ ನೀನೇ ನಡೆಸು," ಎಂದು ಒಳಗೆ ಹೋದರು. ಅಷ್ಟೇ!

ಸಂಜೆ ಲಾಂಡ್ರಿಯ ಮೆಟ್ಟಿಲ ಮೇಲೆ ಅವನು ಕಾಯುತ್ತಿದ್ದ.

"ನನ್ನ ಮರ್ಯಾದೆ ಹೋಗೋದನ್ನ ನೋಡೋಕೆ ಬಂದಿದ್ಯಲ್ಲ ಅವತ್ತು..." ಎಂದಳು ಅವಳು.

"ನೋಡೋಕಾ? ಆ ಕೆಲಸ ನಾನೇ ಕೇಳಿ ತಗೊಂಡಿದ್ದು. ಬೇರೆಯವರಾಗಿದ್ರೆ ಪೈಪು ಕತ್ತರಿಸಿ ದರದರ ಎಳೀತಿದ್ರು. ಮುರಿದ ಮಷೀನಿಗೆ ಹರಾಜಲ್ಲಿ ಏನು ಸಿಗುತ್ತೆ? ಕಡಿಮೆ ಬಂದಷ್ಟೂ ನಿನ್ನ ತಲೆ ಮೇಲೆ ತಾನೇ!"

ಅವಳು ಅವನ ಕೈಗಳನ್ನು ನೋಡಿದಳು. ವರ್ಷವಿಡೀ ಬೈದಿದ್ದು ಈ ಕೈಗಳನ್ನೇ.

"ಹೇಳಬಾರದಿತ್ತಾ?"

"ಫೋನ್ ಎತ್ತಿದ್ಯಾ, ಓನರಮ್ಮ?"

ಹಳೆಯ ಅಡ್ಡಹೆಸರು. ಅವಳು ಅಳುತ್ತಲೇ ನಕ್ಕಳು.

"ನಾಚಿಕೆ ಕಣೋ... ಮದುವೆ ಆದ್ರೆ ಸಾಲ ಕೊಟ್ಟೋರು ನಿನ್ನ ಮನೆ ಬಾಗಿಲಿಗೂ ಬರ್ತಾರಲ್ಲ ಅಂತ. ನೀನು ಇಷ್ಟ ಇಲ್ಲ ಅಂತಲ್ಲ. ನೀನಂದ್ರೆ ಈಗಲೂ..." ಅವಳು ಕಣ್ಣೊರೆಸಿಕೊಂಡಳು.

"ಬರಲಿ, ಕೂರೋಕೆ ಹೇಳೋಣ. ಅದಕ್ಕೆ ಮೊದಲು ನಾವೇ ಕಂಪನಿ ಆಫೀಸಿಗೆ ಹೋಗೋಣ. ಬಡ್ಡಿ ಬಿಡಿ, ಕಂತು ಇಳಿಸಿ ಅಂತ ಕೇಳೋಣ. ಕೇಳಿದ್ರೆ ಎಷ್ಟೋ ಜನಕ್ಕೆ ಇಳಿಸಿದ್ದಾರೆ."

"ನೀನು ಮಾತ್ರ ಎಲ್ಲೂ ಸಹಿ ಹಾಕಬಾರದು. ಆಣೆ ಮಾಡು."

"ಹಾಕಲ್ಲ. ಪಕ್ಕದಲ್ಲಿ ಕೂತಿರ್ತೀನಿ, ಅಷ್ಟೇ."

ಅವಳು ಅವನ ಗ್ರೀಸು ಮೆತ್ತಿದ ಬೆರಳು ಹಿಡಿದಳು.

"ಅಲ್ಲಿ ಯಾವ ಕಡೆ ಕುರ್ಚೀಲಿ ಕೂತ್ಕೊಳ್ಳಲಿ?"

"ಬಾಗಿಲ ಕಡೆ," ಎಂದಳು ಅವಳು. "ನಾನು ಮತ್ತೆ ಎದ್ದು ಓಡಿಹೋಗದ ಹಾಗೆ."