ಮೇಜಾದ ಬಾಗಿಲು

ಗುಜರಿಯಿಂದ ತಂದ ಹಳೆಯ ಬಾಗಿಲಿಗೆ ಕಾಲು ಜೋಡಿಸಿ ಊಟದ ಮೇಜು ಮಾಡಿದೆ. ಚಂದಕ್ಕಿರಲೆಂದು ಚಿಲಕವನ್ನು ತೆಗೆಯಲಿಲ್ಲ. ಮಾರನೆಯ ದಿನದಿಂದಲೇ, ಊಟಕ್ಕೆ ಕೂತಾಗಲೆಲ್ಲ ಮೇಜಿನ ಅಡಿಯಿಂದ ಯಾರೋ ಮೆಲ್ಲಗೆ ತಟ್ಟುವ ಸದ್ದು ಬರತೊಡಗಿತು. ನನಗೆ ಗಂಡನ ಮೇಲೇ ಅನುಮಾನ.

"ಕಾಲು ಸುಮ್ನಿಟ್ಕೊಂಡು ಊಟ ಮಾಡ್ರೀ."

"ನಾನಲ್ಲ ಕಣೆ," ಎಂದವರು ಎರಡೂ ಕಾಲು ಕುರ್ಚಿಯ ಮೇಲೆ ಮಡಚಿಕೊಂಡರು. ಸದ್ದು ನಿಲ್ಲಲಿಲ್ಲ. ಬಗ್ಗಿ ನೋಡಿದೆ, ಕೆಳಗೆ ಯಾರೂ ಇಲ್ಲ. ಮೇಲೆ ಬೀಗದ ತೂತಿಗೆ ಬೆರಳಿಟ್ಟರೆ ಮಾತ್ರ ತಣ್ಣನೆಯ ಗಾಳಿ ತಾಗುತ್ತಿತ್ತು.

ನಿನ್ನೆ ಮಧ್ಯಾಹ್ನ ಮತ್ತೆ ತಟ್ಟಿತು. ಅಡುಗೆಮನೆಯಲ್ಲಿದ್ದ ಅತ್ತೆ, ಹೊರಗೆ ಯಾರೋ ಬಂದಿದ್ದಾರೆಂದುಕೊಂಡು ಅಲ್ಲಿಂದಲೇ ಕೂಗಿದರು: "ಬಾಗ್ಲು ತೆಗೆದೇ ಇದೆ, ಒಳಗೆ ಬನ್ನಿ."

ನಮ್ಮಿಬ್ಬರ ತಟ್ಟೆಗಳ ನಡುವೆ ಚಿಲಕ ನಿಧಾನವಾಗಿ ಸರಿಯಿತು.

ಆಮೇಲಿಂದ ತಟ್ಟುವ ಸದ್ದಿಲ್ಲ.