ಮೇಲಿಂದ ಮೂರನೇ ತಿರುವು

ಹೋದ ವರ್ಷ ಜನವರಿ ಇಪ್ಪತ್ತೆರಡು, ಬುಧವಾರ, ಬೆಳಗ್ಗೆ ಒಂಬತ್ತೂವರೆ. ಹೂಟಗಳ್ಳಿ ಕಡೆ ಸ್ಟೇಷನ್‌ಗೆ ಕಂಪ್ಲೇಂಟ್ ಕೊಡೋಕೆ ಡಾಕ್ಟರ್ ಕೃಷ್ಣಸ್ವಾಮಿ ಬಂದ್ರು. ಸೂಜಿ ಚುಚ್ಚೋ ಡಾಕ್ಟರ್ ಅಲ್ಲ ಕಣ್ರಪ್ಪ, ಇಂಜಿನಿಯರಿಂಗ್ ಕಾಲೇಜಲ್ಲಿ ಕರೆಂಟಿನ ಪಾಠ ಹೇಳೋ ಡಾಕ್ಟರ್. ಗರಿಗರಿ ಇಸ್ತ್ರಿ ಶರಟು, ಮುಖ ಮಾತ್ರ ನಿನ್ನೆ ಮೊಸರನ್ನ.

"ನಮ್ಮ ಗಾಡಿ ಕಳ್ಳತನ ಆಗಿದೆ" ಅಂದ್ರು.

ಇನ್ಸ್‌ಪೆಕ್ಟರ್ ಸಿದ್ದಲಿಂಗಸ್ವಾಮಿ ಪೆನ್ ತಗೊಂಡ್ರು. "ನಂಬರ್ ಹೇಳಿ."

"ನಂಬರ್ ಇಲ್ಲ."

"ಯಾವ ಕಂಪನಿ?"

"ಕಂಪನಿ ಇಲ್ಲ, ನಾವೇ ಮಾಡಿರೋದು. ಗಾಡಿ ಶೆಡ್ಡಲ್ಲೇ ಇದೆ."

ಸಿದ್ದಲಿಂಗಸ್ವಾಮಿ ಪೆನ್ ಕೆಳಗಿಟ್ರು. "ಸ್ವಾಮಿ, ಗಾಡಿ ಶೆಡ್ಡಲ್ಲೇ ಇದ್ರೆ ಹೋಗಿರೋದು ಏನು?"

"ಅದರ ತಲೆ."

ತಲೆ ಅಂದ್ರೆ ಕಂಟ್ರೋಲರ್. ಮೋಟರಿಗೆ ಎಷ್ಟು ಕರೆಂಟು ಬಿಡ್ಬೇಕು, ಯಾವಾಗ ಹಿಡೀಬೇಕು ಅಂತ ಹೇಳೋ ಡಬ್ಬ. ಊಟದ ಕ್ಯಾರಿಯರ್ ಗಾತ್ರ ಇರ್ತದೆ. ನಾಲ್ಕು ವರ್ಷದಿಂದ ಇವರು ಚಾಮುಂಡಿ ಬೆಟ್ಟದ ಜನಕ್ಕೆ ಅಂತ ಬ್ಯಾಟರಿ ಗಾಡಿ ಡಿಸೈನ್ ಮಾಡ್ತಿದ್ರು. ಆರು ಜನ ಕೂರಬಹುದು. ಶುಕ್ರವಾರ ಬೆಟ್ಟದ ಮೇಲೆ ಪೂಜೆ, ಪೂಜೆ ಆದ್ಮೇಲೆ ಬೆಟ್ಟದ ಹೂವಿನ ಹೆಂಗಸರನ್ನ ಕೂರಿಸ್ಕೊಂಡು ಕೆಳಗಿಳಿಯೋದು, ಪೇಪರ್‌ನೋರು ಫೋಟೋ ಹೊಡೆಯೋದು. ಎಲ್ಲ ರೆಡಿ. ನೋಡಿದ್ರೆ ತಲೆ ಇಲ್ಲ. ಗಾಡಿ ಗಾಜಿಗೆ ಒಂದು ಚೀಟಿ ಅಂಟಿಸಿದಾರೆ, ಕಂಪ್ಯೂಟರ್ ಅಕ್ಷರ:

"ಈ ಗಾಡಿ ಬೆಟ್ಟ ಇಳಿಯಬಾರದು. ಆರು ಜನ ಕೂತು ಇಳಿದರೆ ಮೇಲಿಂದ ಮೂರನೇ ತಿರುವಿನಲ್ಲಿ ಆರು ಜನವೂ ಉಳಿಯುವುದಿಲ್ಲ."

"ಯಾರ ಮೇಲಾದ್ರೂ ಅನುಮಾನ?" ಅಂದ್ರು ಸಿದ್ದಲಿಂಗಸ್ವಾಮಿ.

"ಅನುಮಾನ ಏನು ಬಂತು, ಬಿಂದುಶ್ರೀನೇ. ನನ್ನ ಹತ್ರ ಪಿಎಚ್‌ಡಿ ಮಾಡೋ ಹುಡುಗಿ. ಸಂಶೋಧನಾ ಲೇಖನದಲ್ಲಿ ಅವಳ ಹೆಸರು ಮೂರನೇದು ಹಾಕಿದೆ ಅಂತ ಜಗಳ ತೆಗೆದಿದ್ಲು. ಎಫ್‌ಐಆರ್‌ನಲ್ಲಿ ಹೆಸರು ಹಾಕ್ಕೊಳ್ಳಿ. ಶುಕ್ರವಾರ ಸಾಯಂಕಾಲ ಕಾಲೇಜ್ ಕಮಿಟಿ ಕೂರ್ತದೆ, ಅವಳ ಥೀಸಿಸ್ ಅಲ್ಲಿಗೆ ಕ್ಲೋಸ್."

"ಲೇಖನ ಬರೆದಿದ್ದು ಯಾರು?"

ಮೇಷ್ಟ್ರು ಗಂಟಲು ಸರಿ ಮಾಡ್ಕೊಂಡ್ರು. "ಅದು... ಮಾರ್ಗದರ್ಶನ ನಂದು."

ಸಿದ್ದಲಿಂಗಸ್ವಾಮಿ ಹೆಸರು ಹಾಕ್ಲಿಲ್ಲ. ಕಳ್ಳತನ, ಬೆದರಿಕೆ, ಆರೋಪಿ ಅಪರಿಚಿತ ಅಂತ ಎಫ್‌ಐಆರ್ ಮಾಡಿದ್ರು. ಆದ್ರೆ ಶುಕ್ರವಾರದೊಳಗೆ ಆ ಅಪರಿಚಿತನಿಗೆ ಒಂದು ಹೆಸರು ಸಿಗ್ಲಿಲ್ಲ ಅಂದ್ರೆ ಆ ಹೆಣ್ಣುಮಗಳ ನಾಲ್ಕು ವರ್ಷ ನೀರಲ್ಲಿ ಹೋಮ. ಅದು ಅವರಿಗೂ ಗೊತ್ತಿತ್ತು.

ಹನ್ನೊಂದು ಗಂಟೆಗೆ ಶೆಡ್ಡಲ್ಲಿ ಪಂಚನಾಮೆ. ಬೀಗ ಮುರಿದಿಲ್ಲ. ಬೀಗದಕೈ ಇರೋದು ಮೂವರ ಹತ್ರ: ಕೃಷ್ಣಸ್ವಾಮಿ, ಬಿಂದುಶ್ರೀ, ಸಂಜಯ್. ಈ ಸಂಜಯ್ ಅನ್ನೋನು ಅದೇ ಕಾಲೇಜಿನ ಕಿರಿ ಮೇಷ್ಟ್ರು, ಗಾಡಿಯ ಬ್ರೇಕಿನ ಭಾಗ ಅವನದು. ಹೆಡ್ ಕಾನ್‌ಸ್ಟೇಬಲ್ ಮಂಜುಳಮ್ಮ ಬಗ್ಗಿ ಸೀಟಿನ ಕೆಳಗೆ ಟಾರ್ಚ್ ಬಿಟ್ಟೋರು, "ಸಾರ್, ಇಲ್ನೋಡಿ" ಅಂದ್ರು. ಬಿಚ್ಚಿದ ಸ್ಕ್ರೂ ಎಲ್ಲ ಒಂದು ಟೀ ಸಾಸರಲ್ಲಿ ಕೂತಿವೆ. ಬಿಟ್ಟುಹೋದ ವೈರಿನ ಒಂದೊಂದು ತುದಿಗೂ ನೀಟಾಗಿ ಟೇಪ್ ಸುತ್ತಿದೆ.

"ಕಳ್ಳ ಯಾಕ್ರೀ ಟೇಪ್ ಸುತ್ತಾನೆ?"

"ಯಾರಿಗಾದ್ರೂ ಶಾಕ್ ಹೊಡೆದೀತು ಅಂತ ಸಾರ್."

"ಆರು ಜನನ್ನ ಸಾಯಿಸ್ತೀನಿ ಅಂತ ಬರೆದೋನಿಗೆ ಶಾಕ್ ಹೊಡೆದ್ರೆ ಏನು ಕಷ್ಟ?"

ಮಂಜುಳಮ್ಮ ಸಾಸರ್ ಎತ್ತಿ ಕವರಿಗೆ ಹಾಕಿದ್ರು. ಅವರು ಹಂಗೇ, ಗೊತ್ತಿಲ್ದಿದ್ರೆ ಬಾಯಿ ಬಿಡಲ್ಲ. ಇಲಾಖೆಯಲ್ಲಿ ಅಂಥೋರು ಕಮ್ಮಿ.

ಮಧ್ಯಾಹ್ನ ಬಿಂದುಶ್ರೀನ ಕರೆಸಿದ್ರು.

"ನಿನ್ನೆ ಸಂಜೆ ಶೆಡ್ಡಿಂದ ಕೊನೆಗೆ ಹೋಗಿದ್ದು ಯಾರಮ್ಮ?"

"ನಾನೇ ಸಾರ್. ಬೀಗ ಹಾಕಿ ಹೋದೆ."

"ಮೇಷ್ಟ್ರ ಮೇಲೆ ಕೋಪ ಇತ್ತಾ?"

"ಈಗ್ಲೂ ಇದೆ."

"ಮತ್ತೆ ಡಬ್ಬ ಎಲ್ಲಿ?"

"ಸಾರ್, ಆ ಡಬ್ಬದೊಳಗಿನ ಪ್ರೋಗ್ರಾಮ್ ಬರೆದೋಳು ನಾನು. ಶುಕ್ರವಾರ ಗಾಡಿ ಓಡಿಸೋಳೂ ನಾನು. ನನ್ನ ಮಗೂನ ನಾನೇ ಯಾಕೆ ಕದೀಲಿ?"

ಮೂಗು ಕೆಂಪಗಾಗಿತ್ತು, ಅಳಲಿಲ್ಲ. ಮಂಜುಳಮ್ಮ ಕಾಫಿ ತರಿಸಿದ್ರು. ಅವಳು ಕುಡೀಲಿಲ್ಲ. ಸಾಯಂಕಾಲ ಮನೆಗೆ ಕಳಿಸಿದ್ರೆ ಬೆಳಗ್ಗೆ ಕರೀದೇನೇ ವಾಪಸ್ ಬಂದು ಬೆಂಚ್ ಮೇಲೆ ಕೂತ್ಲು. ಕಾಲೇಜ್ ಗೇಟಲ್ಲಿ ವಾಚ್‌ಮನ್ ಒಳಕ್ಕೇ ಬಿಡ್ಲಿಲ್ವಂತೆ.

ಗುರುವಾರ ಬೆಳಗ್ಗೆ ಸಿದ್ದಲಿಂಗಸ್ವಾಮಿ, ಮಂಜುಳಮ್ಮ ಇಬ್ಬರೂ ಬೆಟ್ಟ ಹತ್ತಿದ್ರು. ಸಿದ್ದಲಿಂಗಸ್ವಾಮಿ ಲೆಕ್ಕ ಏನಪ್ಪಾ ಅಂದ್ರೆ, ಮೈಸೂರಲ್ಲಿ ಕೂತ ನಾವೆಲ್ಲ ಬೆಟ್ಟದ ತಿರುವನ್ನ ಕೆಳಗಿಂದ ಎಣಿಸ್ತೀವಿ, ಹತ್ತೋರಲ್ವಾ? ಚೀಟಿಯೋನು ಮೇಲಿಂದ ಎಣಿಸಿದಾನೆ. ಅಂದ್ಮೇಲೆ ಬೆಟ್ಟದ ಮೇಲೇ ಇರೋನು. ಗಾಡಿ ಬಂದ್ರೆ ತನ್ನ ಬಾಡಿಗೆ ಹೋಗ್ತದೆ ಅಂತ ಯಾವನೋ ಆಟೋದೋನು ಮಾಡಿರ್ತಾನೆ. ಕೇಳೋಕೆ ಚೆನ್ನಾಗೇ ಇತ್ತು.

ಹೂವಿನ ದೇವಿರಮ್ಮ ಬುಟ್ಟಿ ಮುಂದೆ ಕೂತು ಸೇವಂತಿಗೆ ಕಟ್ತಿದ್ಲು. ಶುಕ್ರವಾರ ಗಾಡಿಯಲ್ಲಿ ಮೊದಲನೇ ಸೀಟು ಅವಳದ್ದೇ.

"ಅಮ್ಮಾ, ಮೇಲಿಂದ ಮೂರನೇ ತಿರುವು ಯಾವುದು?" ಅಂದ್ರು ಮಂಜುಳಮ್ಮ.

"ಮೂರ್ನೇದಾ? ಅದೇನ್ ಇಸ್ಕೂಲಾ ನಂಬರ್ ಆಕಕ್ಕೆ? ಒಂದು ಕೋತಿ ತಿರುವು, ಒಂದು ಆಲಿನ ಕ್ಯಾನ್ ಬಿದ್ದ ತಿರುವು. ನಿಂಗೆ ಯಾವ್ದು ಬೇಕವ್ವ?"

"ಇಲ್ಲಿ ಯಾರೂ ನಂಬರಲ್ಲಿ ಹೇಳಲ್ವಾ?"

"ನಮ್ ರಸ್ತೆಗೆ ನಾವ್ಯಾಕವ್ವ ನಂಬರ್ ಆಕಾಣ? ಎಣಿಸೋರು ಒಸಬ್ರು. ಅದಿರ್ಲಿ, ನಾಳೆ ಗಾಡಿ ಅದೆ ತಾನೆ? ಒಸಾ ಸೀರೆ ತಗಬುಟ್ಟಿವ್ನಿ ಕಣವ್ವ."

ಸಿದ್ದಲಿಂಗಸ್ವಾಮಿ ಥಿಯರಿ ಅಲ್ಲೇ ಮಕಾಡೆ ಮಲಗ್ತು. ಜೀಪ್ ಹತ್ತಿ ಇಳಿಯೋಕೆ ಶುರು ಮಾಡಿದ್ರು. ಕಾಲು ಭಾಗ ಇಳಿದ್ಮೇಲೆ ಮಂಜುಳಮ್ಮನೇ ಬಾಯಿ ಬಿಟ್ರು. "ಸಾರ್, ಬೆಟ್ಟದೋರು ಎಣಿಸಲ್ಲ, ಊರೋರು ಕೆಳಗಿಂದ ಎಣಿಸ್ತಾರೆ. ಹಂಗಾದ್ರೆ ಇವನು ಕೂತು ಇಳಿಯೋದನ್ನೇ ಲೆಕ್ಕ ಹಾಕಿರೋನು ಸಾರ್. ಮೇಲಿಂದ ಶುರು ಮಾಡಿ."

ಸಿದ್ದಲಿಂಗಸ್ವಾಮಿ ಬಿಂದುಶ್ರೀಗೆ ಫೋನ್ ಹಚ್ಚಿದ್ರು. ಅವಳು ಹೇಳಿದ್ದು ಇಷ್ಟು: ಇಷ್ಟು ದಿನ ಗಾಡೀನ ಟೆಸ್ಟ್ ಮಾಡಿದ್ದೆಲ್ಲ ಕೆಳಗಿಂದ ಹತ್ತಿಸಿ, ಆಮೇಲೆ ಇಳಿಸಿ. ಮೇಲಿಂದಾನೇ ಹೊರಡೋದು ಅಂತ ಕೃಷ್ಣಸ್ವಾಮಿ ತೀರ್ಮಾನ ಮಾಡಿದ್ದು ಸೋಮವಾರ. ಗಾಡಿ ಧೂಳಾಗಬಾರದು, ಲಾರಿ ಮೇಲೆ ತಗೊಂಡ್ಹೋಗಿ, ರಾತ್ರಿಯೆಲ್ಲ ಮೇಲೇ ಚಾರ್ಜಿಗೆ ಹಾಕಿ, ಬೆಳಗ್ಗೆ ಪೂಜೆ ಮಾಡ್ಸಿ ಇಳಿಸೋಣ ಅಂತ. ಆ ಮಾತು ಆದಾಗ ರೂಮಲ್ಲಿದ್ದದ್ದು ಮೇಷ್ಟ್ರು, ತಾನು, ಸಂಜಯ್, ಮೂವರೇ.

ಬೀಗದಕೈನೂ ಮೂವರ ಹತ್ರ. ಕೃಷ್ಣಸ್ವಾಮಿ ಪೂಜೆಗೆ ಹಾರ ಶಾಲು ತಂದಿಟ್ಕೊಂಡಿದ್ದೋರು, ತಮ್ಮ ಮದುವೆ ತಾವೇ ನಿಲ್ಲಿಸ್ತಾರಾ? ಉಳಿದೋರು ಇಬ್ಬರು. ಯಾವ ನ್ಯಾಯಾಧೀಶರ ಮುಂದೆ ನಿಂತ್ರೂ ಅದು ಸಾಲದು.

ಅಲ್ಲಿಂದ ಸೀದಾ ಕುಂಬಾರಕೊಪ್ಪಲು, ಪ್ರೇಮಲೀಲಾ ಮೇಡಂ ಮನೆ. ಕನ್ನಡ ಪ್ರೊಫೆಸರ್ ಆಗಿ ರಿಟೈರ್ ಆದೋರು. ಹಳೇ ಕಾಲದ ಪದ್ಯ ಯಾರು ಬರೆದಿದ್ದು, ಯಾರು ಮಧ್ಯ ತೂರಿಸಿದ್ದು ಅಂತ ಪತ್ತೆ ಮಾಡೋದ್ರಲ್ಲೇ ಆಯುಸ್ಸು ಕಳೆದ ಹೆಂಗಸು. ಸಿದ್ದಲಿಂಗಸ್ವಾಮಿ ಬಿಎ ಓದುವಾಗ ಇವರ ಕೈಲಿ ಬೈಸ್ಕೊಂಡಿದ್ದೋರು. ಮೇಡಂ ಜಗಲಿ ಮೇಲೆ ನೆನೆಸಿದ ಅವರೆಕಾಳು ಹಿತುಕಿ ಸಿಪ್ಪೆ ಬಿಡಿಸ್ತಾ ಕೂತಿದ್ರು.

"ಏನೋ ಸಿದ್ದಲಿಂಗ, ಬರಿಗೈಲಿ ಕೂರ್ತೀಯಾ? ತಗೋ, ಹಿತುಕು. ಮಂಜುಳಾ, ನೀವೂ ಬನ್ನಿ."

ಯೂನಿಫಾರಂ ಹಾಕ್ಕೊಂಡು ಇನ್ಸ್‌ಪೆಕ್ಟರು ಅವರೆಕಾಳು ಹಿತುಕಿದ್ರು. ಒಂದು ಕಾಳು ಹಾರಿ ಹೋಗಿ ಟೋಪಿಯೊಳಗೆ ಬಿತ್ತು.

ಬೆಟ್ಟದ ಜನಕ್ಕೆ ಹಂಚೋಕೆ ಅಂತ ಮೂವರೂ ಸೇರಿ ಗಾಡಿ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಿಕೆ ಬರೆದಿದ್ರು, ಒಬ್ಬೊಬ್ಬರದು ಒಂದೊಂದು ಭಾಗ. ಸಿದ್ದಲಿಂಗಸ್ವಾಮಿ ಹೆಸರು ಮುಚ್ಚಿ ಆ ಭಾಗಗಳನ್ನೂ ಚೀಟಿನೂ ಕೊಟ್ರು. ಮೇಡಂ ಕನ್ನಡಕ ಏರಿಸಿ ಸುಮಾರು ಹೊತ್ತು ಓದಿದ್ರು.

"ಮೇಡಂ, ಕಂಪ್ಯೂಟರಿಗೆ ಹಾಕಿದ್ರೆ ಹೇಳ್ತದಂತಲ್ಲ?"

"ಪುಸ್ತಕಗಟ್ಲೆ ಕೊಟ್ರೆ ಹೇಳುತ್ತೆ ಕಣೋ. ಇದು ಎರಡು ಸಾಲು, ಅದು ಕೈ ಎತ್ತುತ್ತೆ. ನಾನು ನೋಡೋದೇ ಬೇರೆ. ಬರೆಯೋನ ಕಣ್ಣು ಎಲ್ಲಿ ನಿಂತಿದೆ ಅಂತ." ಮೊದಲನೇ ಭಾಗ ಎತ್ತಿದ್ರು. "ಇವರ ಕಣ್ಣು ಕನ್ನಡಿ ಮೇಲಿದೆ. ಸಾಲಿಗೊಂದು ‘ನಮ್ಮ ಸಂಸ್ಥೆ’." ಎರಡನೇದು. "ಇದು ಮೋಟರ್ ಮೇಲಿದೆ. ಇದರಲ್ಲಿ ಕೂತಿರೋ ಜನ ಎಲ್ಲ ‘ಭಾರ’. ಇಷ್ಟು ಭಾರಕ್ಕೆ ಇಷ್ಟು ಕರೆಂಟು. ಬಹಳ ಬುದ್ಧಿವಂತ ಕೈ." ಮೂರನೇದು ತಗೊಂಡಾಗ ದನಿ ಇಳೀತು. "ಇದನ್ನ ಕೇಳು. ‘ಮಡಿಲಲ್ಲಿ ಮಗು ಇದ್ದರೆ.’ ‘ಹೂಬುಟ್ಟಿ ಹಿಡಿದು ಕಂಬಿ ಹಿಡಿಯಲಾಗದವರು.’ ಇವನಿಗೆ ಗಾಡಿ ಕಾಣೋದೇ ಇಲ್ಲ, ಒಳಗೆ ಕೂತಿರೋರು ಕಾಣ್ತಾರೆ. ಚೀಟೀಲೂ ಅಷ್ಟೇ. ಆರು ಜನ, ಆರು ಜನ. ಆ ಮೋಟರಿನ ಕೈ ಬರೆದಿದ್ರೆ ಗಾಡಿ ಏನಾಗುತ್ತೆ ಅಂತ ಬರೀತಿತ್ತು."

"ಬೆದರಿಕೆ ಹಾಕೋನು ಜನದ ಬಗ್ಗೆ ಯಾಕೆ..."

"ಯಾರೋ ಬೆದರಿಕೆ ಅಂದಿದ್ದು? ಬೆದರಿಸೋನು ‘ಮಾಡ್ತೀನಿ’ ಅಂತಾನೆ. ಇಲ್ಲಿ ‘ಆಗುತ್ತೆ’ ಅಂತಿದಾನೆ. ಹೆದರಿರೋನು ಬರೆದೋನೇ ಕಣೋ. ಆದ್ರೆ ಇದನ್ನ ಕೋರ್ಟಿಗೆ ಕೊಟ್ಟುಬುಟ್ಟೀಯ ಮತ್ತೆ, ನಗ್ತಾರೆ. ಇದು ದಾರಿ ಅಷ್ಟೇ, ಸಾಕ್ಷಿ ನೀನು ಹುಡುಕು. ಕಾಳು ಯಾಕೆ ನಿಲ್ಲಿಸಿದೆ? ಹಿತುಕು."

ಮೂರನೇ ಭಾಗ ಸಂಜಯ್‌ದು.

ಸಾಯಂಕಾಲ ನಾಲ್ಕು ಗಂಟೆಗೆ ಹೂಟಗಳ್ಳಿ ಹೊಸ ಬಡಾವಣೆಯಲ್ಲಿ ಸಂಜಯ್ ಮನೆ ಬಾಗಿಲು ತಟ್ಟಿದ್ರು. ತೆಗೆದೋನ ಕಣ್ಣು ನೋಡಿದ್ರೆ ಮೂರು ದಿನದಿಂದ ಮಲಗಿಲ್ಲ ಅಂತ ಗೊತ್ತಾಗ್ತಿತ್ತು.

"ಬೀಗದಕೈ ಎಲ್ಲಿದೆ?"

"ಇಲ್ಲೇ ಇದೆ ಸಾರ್."

"ಮಂಗಳವಾರ ರಾತ್ರಿ ಎಲ್ಲಿದ್ರಿ?"

"ಮನೇಲಿ."

"ಮನೇಲೇನಾ?"

ಬಾಗಿಲ ಚಿಲಕ ಹಿಡ್ಕೊಂಡ. ಆಗ ಮಂಜುಳಮ್ಮ, ಪ್ರಶ್ನೆ ಅಲ್ಲ, ಸುಮ್ನೆ ವಿಷಯ ಹೇಳೋ ಹಂಗೆ, "ಬಿಂದುಶ್ರೀ ಬೆಳಗ್ಗಿಂದ ಸ್ಟೇಷನ್ ಬೆಂಚ್ ಮೇಲೆ ಕೂತಿದಾಳೆ. ಒಂದು ಲೋಟ ನೀರೂ ಕುಡಿದಿಲ್ಲ" ಅಂದ್ರು.

ಮುಗೀತು. ಅವನು ಹಿಂದಕ್ಕೆ ಸರಿದು, "ಒಳಗೆ ಬನ್ನಿ" ಅಂದ. ಅವಳ ಮೇಲೆ ಬರ್ತದೆ ಅಂತ ಅವನು ಅಂದ್ಕೊಂಡೇ ಇರ್ಲಿಲ್ಲ. ಕಂಟ್ರೋಲರ್ ಬೀರು ಮೇಲಿತ್ತು, ಹಳೇ ಉಣ್ಣೆ ಶಾಲಲ್ಲಿ ಸುತ್ತಿ, ತಣ್ಣಗಾದೀತು ಅನ್ನೋ ಹಂಗೆ. ಪಕ್ಕದ ಮನೆಯೋರನ್ನ ಪಂಚರಾಗಿ ಕರೆದು ಮಹಜರು ಮಾಡಿ ವಶಕ್ಕೆ ತಗೊಂಡ್ರು.

"ಯಾಕ್ರೀ?" ಅಂದ್ರು ಸಿದ್ದಲಿಂಗಸ್ವಾಮಿ.

"ಸಾರ್, ಇಳಿಯುವಾಗ ಆ ಗಾಡೀನ ಹಿಡಿಯೋದು ಬ್ರೇಕ್ ಮಾತ್ರ ಅಲ್ಲ, ಮುಖ್ಯವಾಗಿ ಮೋಟರ್. ಹಿಡಿಯುವಾಗ ಕರೆಂಟು ಹುಟ್ಟಿ ವಾಪಸ್ ಬ್ಯಾಟರಿಗೆ ಹೋಗ್ತದೆ. ಕೆಳಗಿಂದ ಹತ್ತಿದ್ರೆ ಬ್ಯಾಟರಿ ಅರ್ಧ ಖಾಲಿ ಆಗಿರ್ತದೆ, ಜಾಗ ಇರ್ತದೆ. ಮೇಲೇ ಪೂರ್ತಿ ಚಾರ್ಜ್ ಮಾಡಿ ಇಳಿದ್ರೆ..."

"ತುಂಬಿದ ತೊಟ್ಟಿಗೆ ನೀರು ಬಿಟ್ಟಂಗೆ" ಅಂದ್ರು ಮಂಜುಳಮ್ಮ.

"ಅದೇ ಮೇಡಂ. ಮೋಟರ್ ಕೈ ಬಿಟ್ಬುಡ್ತದೆ. ನಾನು ಹಾಕಿರೋ ಬ್ರೇಕ್ ಚಿಕ್ಕದು. ಎರಡು ತಿರುವು ತಡೆಯುತ್ತೆ. ಮೂರನೇದರಲ್ಲಿ ಕಾದು ಕೈ ಕೊಡ್ತದೆ."

"ಬಿಂದುಶ್ರೀ ಓಡಿಸ್ತಿದ್ದದ್ದು."

"ಹೂಂ ಸಾರ್."

"ಮೇಷ್ಟ್ರಿಗೆ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವೇನ್ರೀ?"

ಸಂಜಯ್ ತಲೆ ತಗ್ಗಿಸಿದ. "‘ಎಲ್ಲಾ ಸಂದರ್ಭದಲ್ಲೂ ಸುರಕ್ಷಿತ’ ಅಂತ ಬ್ರೇಕಿನ ರಿಪೋರ್ಟಿಗೆ ಸಹಿ ಹಾಕಿದ್ದು ನಾನೇ ಸಾರ್."

ಐದೂ ಹತ್ತಕ್ಕೆ ದಸ್ತಗಿರಿ. ಸ್ಟೇಷನ್‌ಗೆ ಬಂದ್ಮೇಲೆ ಬಿಂದುಶ್ರೀ ಲ್ಯಾಪ್‌ಟಾಪ್ ತೆಗೆದು ಅವನ ಲೆಕ್ಕ ತಾನೇ ಹಾಕಿ ನೋಡಿದ್ಲು. ನೋಡ್ತಾ ನೋಡ್ತಾ ಮುಖ ಬಿಳಿಚ್ಕೊಂತು. ಆಮೇಲೆ ಒಂದು ಉಸಿರು ಬಿಟ್ಲು ನೋಡಿ, ಇಡೀ ಸ್ಟೇಷನ್‌ಗೆ ಕೇಳಿಸ್ತು. "ಸಾರ್, ಸರಿ ಇದೆ. ನಾವೆಲ್ಲ ಹೋಗ್ಬುಡ್ತಿದ್ವಿ." ಅಷ್ಟಂದು ಮಂಜುಳಮ್ಮನ ಕಡೆ ತಿರುಗಿ, "ಮೇಡಂ, ಕಾಫಿ ಇದೆಯಾ?" ಅಂದ್ಲು.

ಕೃಷ್ಣಸ್ವಾಮಿ ಓಡ್ಬಂದ್ರು. ಕಂಪ್ಲೇಂಟ್ ವಾಪಸ್ ಅಂದ್ರು, ಪೇಪರಿಗೆ ಹೋಗಬಾರದು ಅಂದ್ರು. ಸಿದ್ದಲಿಂಗಸ್ವಾಮಿ, "ಎಫ್‌ಐಆರ್ ಸಂತೆ ಸರಕಲ್ಲ ಸ್ವಾಮಿ, ಬೇಡ ಅಂತ ವಾಪಸ್ ಕೊಡೋಕೆ. ಮೊದಲು ಆ ಹುಡುಗಿಗೆ ತಪ್ಪಾಯ್ತು ಅನ್ನಿ" ಅಂದ್ರು. ಅಂದ್ರು, ಪಾಪ. ಗೋಡೆ ನೋಡ್ಕೊಂಡು ಅಂದ್ರು, ಆದ್ರೂ ಅಂದ್ರು. ಮಾರನೇ ದಿನ ಕೋರ್ಟಲ್ಲಿ ಸಂಜಯ್‌ಗೆ ಜಾಮೀನಾಯ್ತು. ಕಮಿಟಿ ಕೂರಲೇ ಇಲ್ಲ. ದೊಡ್ಡ ಬ್ರೇಕ್ ಹಾಕಿ, ಮೇಲೆ ಚಾರ್ಜ್ ಮಾಡೋದು ನಿಲ್ಲಿಸಿ, ಯುಗಾದಿ ಆದ್ಮೇಲೆ ಗಾಡಿ ಇಳೀತು. ದೇವಿರಮ್ಮ ಹೊಸ ಸೀರೆ ಉಟ್ಕೊಂಡು ಮುಂದೆ ಕೂತಿದ್ಲು. ಅಷ್ಟು ದಿನ ಮಡಿಸೇ ಇಟ್ಟಿದ್ಲಂತೆ.

ಆದ್ರೆ ನಂಗೆ ನೆನಪಿರೋದು ಆ ಗುರುವಾರದ ಸಂಜೆ ಕಣ್ರಪ್ಪ. ಹೇಳಿಕೆ ಬರೀರಿ ಅಂತ ಮಂಜುಳಮ್ಮ ಹಾಳೆ ಕೊಟ್ರು. ಅವನು ಮೂರು ಹಾಳೆ ತುಂಬ ಬರೆದ. ಓದಿ ನೋಡಿದ್ರೆ ಎಲ್ಲಾ ಬ್ರೇಕಿನ ಲೆಕ್ಕ, ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಅಂತ. ಕದ್ದ ವಿಷಯ ಕೊನೇಲಿ ಒಂದು ಸಾಲು.

"ಏನ್ ಮೇಷ್ಟ್ರೇ, ಕೇಸಿರೋದು ಕಳ್ಳತನಕ್ಕೆ" ಅಂದ್ರು ಮಂಜುಳಮ್ಮ.

"ಅದು ಸುಲಭವಾಗಿತ್ತು ಮೇಡಂ" ಅಂದ ಅವನು. "ಕಷ್ಟ ಆಗಿದ್ದು ಇದು."

ಸಹಿ ಹಾಕಿ ಪೆನ್ ವಾಪಸ್ ಕೊಟ್ಟ. ಗೋಡೆಗೆ ತಲೆ ಕೊಟ್ಟ ಅಷ್ಟೇ, ಗೊರಕೆ. ಸೋಮವಾರದಿಂದ ಮೊದಲನೇ ನಿದ್ದೆ. ಲಾಕಪ್ಪಿಗೆ ಕರ್ಕೊಂಡು ಹೋಗೋಣ ಅಂತ ಕಾನ್‌ಸ್ಟೇಬಲ್ ಒಬ್ಬ ಎದ್ದ. ಬಾಗಿಲಲ್ಲಿ ನಿಂತಿದ್ದ ಬಿಂದುಶ್ರೀ, "ಅಣ್ಣ, ಒಂದೈದು ನಿಮಿಷ ಬಿಡಿ" ಅಂದ್ಲು. ಸಿದ್ದಲಿಂಗಸ್ವಾಮಿ ಗಡಿಯಾರ ನೋಡಿ, ಫ್ಯಾನ್ ಒಂದು ಪಾಯಿಂಟ್ ಕಮ್ಮಿ ಮಾಡಿದ್ರು.