ಸೀಸದ ಮೇಲೆ ಮೂರು ಗೀರು

ಪಂದ್ಯದ ದಿನ ಮೂರನೆಯ ಗುಂಡಿಗೆ ಕೋರಾಳ ರಿವಾಲ್ವರ್ ಒಡೆಯಿತು.

ಸದ್ದಿನಲ್ಲೇ ಗೊತ್ತಾಯಿತು. ನಮ್ಮ ಶೂಟಿಂಗ್ ಕ್ಲಬ್ಬಿನ ಮೈದಾನವನ್ನು ಮೂವತ್ತು ವರ್ಷದಿಂದ ನೋಡಿಕೊಳ್ಳುತ್ತಿರುವವನು ನಾನು, ಲೈಲ್. ಕಿವಿ ಮುಚ್ಚಿಕೊಂಡಿದ್ದರೂ ಸರಿಯಾದ ಸದ್ದು ಯಾವುದು, ತಪ್ಪಿದ್ದು ಯಾವುದು ತಿಳಿಯುತ್ತದೆ. ಓಡಿಹೋಗಿ ನೋಡಿದೆ. ರಿವಾಲ್ವರಿನ ನೆತ್ತಿಯ ಪಟ್ಟಿ ಇರಲಿಲ್ಲ. ತೋಟಾಗಳು ಕೂರುವ ಉರುಳೆ ಅರ್ಧ ಇರಲಿಲ್ಲ. ಅವಳ ಎಡಗೈಯ ಹೆಬ್ಬೆರಳೂ ಇರಲಿಲ್ಲ.

ಕೋರಾಳಿಗೆ ಇಪ್ಪತ್ತಾರು ವರ್ಷ. ಕುದುರೆಗೆ ಲಾಳ ಹೊಡೆಯುವುದು ಅವಳ ಕಸುಬು. ಹೆಬ್ಬೆರಳಿಲ್ಲದ ಕೈಯಲ್ಲಿ ಕುದುರೆಯ ಕಾಲನ್ನು ಹಿಡಿಯುವುದು ಹೇಗೆ?

ಮೇಜಿನ ಮೇಲಿದ್ದ ತೋಟಾ ಪೆಟ್ಟಿಗೆಯ ಮುಚ್ಚಳದಲ್ಲಿ ಅವಳ ತಾತ ಆರ್ವಲ್ ನೆಸ್ಸನ ಕೈಬರಹ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಗುಂಡಿನ ಸುತ್ತಲ ಕಚ್ಚಿಗೆ ಕೆಂಪು ಮೇಣ ತುಂಬಿ, ಒಂದೊಂದೇ ತೋಟಾ ಕಟ್ಟುವುದರಲ್ಲಿ ನಮ್ಮ ಕಣಿವೆಯಲ್ಲೇ ಅವನನ್ನು ಮೀರಿಸಿದವರಿಲ್ಲ. ಆದರೆ ವಯಸ್ಸು ಎಪ್ಪತ್ತೊಂಬತ್ತು. ಕಣ್ಣಿಗೆ ಪೊರೆ ಬಂದಿತ್ತು.

ಒಡೆದ ಚೂರುಗಳನ್ನು ನೋಡಿದ ಬಂದೂಕು ರಿಪೇರಿಯವನು ಒಂದೇ ಮಾತು ಹೇಳಿದ— ಒಂದು ತೋಟಾಕ್ಕೆ ಎರಡು ಪಾಲು ಮದ್ದು ಬಿದ್ದಿದೆ.

ಅಷ್ಟು ಸಾಕಾಯಿತು. ಆರ್ವಲ್‌ನ ಮಗಳು, ಕೋರಾಳ ತಾಯಿ ಗ್ರೆಟಾ, ಇನ್ನು ನಮ್ಮ ಹೊಸಿಲು ತುಳಿಯಬೇಡ ಎಂದು ತಂದೆಗೆ ಹೇಳಿಬಿಟ್ಟಳು. ಕ್ಲಬ್ಬಿನ ಅಧ್ಯಕ್ಷ ಬರ್ಟ್ ಹ್ಯಾಲರನ್ ಅವನ ಹೆಸರು ತೆಗೆದುಹಾಕಲು ಸಭೆ ಕರೆದ. ಮುದುಕ ಒಂದೂ ಎದುರು ಮಾತಾಡಲಿಲ್ಲ.

ಸಭೆಗೆ ನಾಲ್ಕು ದಿನ ಇರುವಾಗ ವಿಲ್ಮಾ ಟ್ರಾಸ್ಕ್ ನನ್ನ ಬಾಗಿಲು ಬಡಿದಳು. ಇಪ್ಪತ್ತೆರಡು ವರ್ಷ ಷೆರಿಫ್ ಕಚೇರಿಯಲ್ಲಿ ಪೊಲೀಸಾಗಿ ದುಡಿದು ನಿವೃತ್ತಳಾದ ಹೆಂಗಸು. ಸುಮ್ಮನೆ ಕೂರಲು ಬಾರದು.

"ಉಳಿದ ತೋಟಾ ಎಲ್ಲಿ, ಲೈಲ್?"

"ನನ್ನ ಬೀರುವಿನಲ್ಲಿ. ಕಮಿಟಿಯವರು ಹತ್ತು ಬಿಚ್ಚಿ ನೋಡಿದ್ರು. ಮದ್ದು ಸರಿಯಾಗೇ ಇತ್ತು. ಅದೊಂದರಲ್ಲೇ ಎಡವಟ್ಟಾಗಿರೋದು."

"ಮದ್ದು ನೋಡಿದ್ರು. ಇನ್ನೇನು ನೋಡಿದ್ರು?"

"ಇನ್ನೇನಿದೆ ನೋಡೋಕೆ?"

ಅವಳು ಬೀರುವಿನತ್ತ ನಡೆದಳು. "ಪಂದ್ಯಕ್ಕೆ ಮುಂಚೆ ಪೆಟ್ಟಿಗೆ ಎಲ್ಲಿತ್ತು?"

"ಆರ್ವಲ್ ಶುಕ್ರವಾರವೇ ನಾಲ್ಕು ಪೆಟ್ಟಿಗೆ ತಂದು ಕ್ಲಬ್ಬಿನ ಕಪಾಟಲ್ಲಿ ಇಟ್ಟಿದ್ದ. ಬೇಕಾದವರು ತಗೊಳ್ಳೋದು ವಾಡಿಕೆ."

"ಬೀಗದ ಕೈ?"

"ಐದು ಜನರ ಹತ್ರ."

"ನಿನ್ನ ಹತ್ರಾನೂ?"

"ನನ್ನ ಹತ್ರಾನೂ. ಬೇಡಿ ತಂದಿದ್ಯಾ?"

"ನೀನು ಓಡಿದ್ರೂ ಎಷ್ಟು ದೂರ ಓಡ್ತೀಯ, ಆ ಮಂಡಿ ಇಟ್ಕೊಂಡು," ಎಂದು ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿಕೊಂಡಳು.

ಮರುದಿನ ಇಬ್ಬರೂ ಆರ್ವಲ್ ಮನೆಗೆ ಹೋದೆವು. ಅಡುಗೆಮನೆಯ ಮೇಜಿನ ಮೇಲೆ ನಿನ್ನೆಯ ಜಿಂಕೆ ಮಾಂಸದ ಸಾರು ಮುಟ್ಟದೆ ಕೆನೆಗಟ್ಟಿತ್ತು.

"ನೀನು ಹೇಗೆ ತೋಟಾ ಕಟ್ತೀಯ ಹೇಳು," ಎಂದಳು ವಿಲ್ಮಾ.

"ಐವತ್ತು ಖಾಲಿ ಹಿತ್ತಾಳೆ ಕೊಳವೆ ಹಲಗೆ ಮೇಲೆ ನಿಲ್ಲಿಸ್ತೀನಿ. ಎಲ್ಲಕ್ಕೂ ಮದ್ದು ಅಳೆದು ಹಾಕ್ತೀನಿ. ಆಮೇಲೆ ಟಾರ್ಚ್ ಬಿಟ್ಟು ಐವತ್ತೂ ಇಣುಕ್ತೀನಿ. ಆಮೇಲೆ ಗುಂಡು, ಒಂದೊಂದೇ, ಬೆರಳಲ್ಲಿ."

"ಎರಡು ಪಾಲು ಬಿದ್ದಿದ್ರೆ?"

"ಪಕ್ಕದ್ದಕ್ಕಿಂತ ಎತ್ತರ ಕಾಣುತ್ತೆ. ಪೊರೆ ಇದ್ರೂ ಅಷ್ಟು ಕಾಣುತ್ತೆ." ತಡೆದ. "ಕಾಣುತ್ತೆ ಅಂದ್ಕೊಂಡಿದ್ದೆ."

"ಈ ನಡುವೆ ನಿನ್ನ ಗುಂಡು ಯಾರಿಗಾದರೂ ಕೊಟ್ಟಿದ್ಯಾ? ತೋಟಾ ಅಲ್ಲ, ಬರೀ ಗುಂಡು?"

"ಕೇಳಿದವರಿಗೆಲ್ಲ ಕೊಡ್ತೀನಿ. ಬಿಟ್ಬಿಡು ವಿಲ್ಮಾ. ನನ್ನ ಕೈಯೇ ತಪ್ಪಿರಬೇಕು. ಮತ್ತೆ ಯಾರು?"

ಹೊರಗೆ ಬಂದು ಪಿಕಪ್ ಹತ್ತಿದ ಮೇಲೆ ವಿಲ್ಮಾ ಹೇಳಿದಳು— "ಬರ್ಟ್ ಮನೆಗೆ ನಡಿ. ಅವನ ಹೊಸ ಯಂತ್ರ ನೋಡಬೇಕು."

ಆ ಯಂತ್ರ ಊರಿಗೆಲ್ಲ ಗೊತ್ತು. ಮೇಲಿನ ಡಬ್ಬಿಗೆ ಗುಂಡು ಸುರಿದರೆ ಸಾಕು, ತಟ್ಟೆ ತಿರುಗಿ ಎಲ್ಲವನ್ನೂ ನೆಟ್ಟಗೆ ಮಾಡಿ, ಉದ್ದ ಕೊಳವೆಯಲ್ಲಿ ಇಳಿಸಿ, ಕೆಳಗೆ ಬರುವ ಪ್ರತಿ ಹಿತ್ತಾಳೆ ಕೊಳವೆಯ ಬಾಯಿಗೂ ಒಂದೊಂದು ಕೂರಿಸುತ್ತದೆ. ಮನುಷ್ಯ ಹಿಡಿ ಎಳೆಯುತ್ತಿದ್ದರಾಯಿತು; ಪ್ರತಿ ಎಳೆತಕ್ಕೆ ಒಂದು ಪಾಲು ಮದ್ದೂ ತಾನೇ ಬೀಳುತ್ತದೆ. ವಸಂತದಲ್ಲಿ ಬರ್ಟ್ ಅದನ್ನು ಕ್ಲಬ್ಬಿಗೆ ತಂದು ಮೆರೆದಿದ್ದ. ಆಗ ಆರ್ವಲ್ ಎಲ್ಲರೆದುರು, "ನನ್ನ ಮೇಣದ ಗುಂಡು ನಿನ್ನ ಯಂತ್ರದ ಗಂಟಲಲ್ಲಿ ಇಳಿಯಲ್ಲ ಬಿಡು," ಎಂದು ನಕ್ಕಿದ್ದ. ನಾವೂ ನಕ್ಕಿದ್ದೆವು. ಬರ್ಟ್ ಮಾತ್ರ ನಕ್ಕಿರಲಿಲ್ಲ.

ಶೆಡ್ಡಿನಲ್ಲಿ ಬರ್ಟ್ ಸಡಗರದಿಂದ ಯಂತ್ರ ಓಡಿಸಿ ತೋರಿಸಿದ. ಹಸಿರು ಬಣ್ಣದ ಲೇಪ ಹಾಕಿದ ಗುಂಡುಗಳು ಟಕ್ ಟಕ್ ಎಂದು ಇಳಿದವು.

"ಮೇಣದ ಗುಂಡು ಓಡುತ್ತಾ?" ವಿಲ್ಮಾ ಕೇಳಿದಳು.

"ಛೇ, ಎಲ್ಲಿ ಓಡುತ್ತೆ? ಅಂಟಂಟು. ಕೊಳವೆ ಕಟ್ಕೊಳ್ಳುತ್ತೆ."

"ಹಾಕಿ ನೋಡಿದ್ಯಾ?"

"ಯಾರು ಹಾಕ್ತಾರೆ ಅದನ್ನ?"

ಗೋಡೆಯ ಮೊಳೆಗೆ ಕೂದಲು ಒಣಗಿಸುವ ಯಂತ್ರವೊಂದು ನೇತಾಡುತ್ತಿತ್ತು. ವಿಲ್ಮಾ ಅದನ್ನು ನೋಡಿದಳು. ಬರ್ಟ್‌ನ ಬೋಳು ತಲೆಯನ್ನು ನೋಡಿದಳು.

"ಇದು ಯಾರಿಗೆ ಬರ್ಟ್? ನಿನ್ನ ಗುಂಗುರು ಕೂದಲಿಗಾ?"

"ಚಳಿಗಾಲದಲ್ಲಿ ಬೀಗ ಹೆಪ್ಪುಗಟ್ಟುತ್ತೆ ಕಣಮ್ಮ," ಎಂದ ಬರ್ಟ್. ಹೊರಡುವಾಗ ವಿಲ್ಮಾ ಒಂದು ಹಸಿರು ಗುಂಡನ್ನು ಕಿಸೆಗೆ ಹಾಕಿಕೊಂಡಳು. ನಾನು ನೋಡಿದೆ, ಅವನು ನೋಡಲಿಲ್ಲ.

ಗುರುವಾರ ಕ್ಲಬ್ಬಿನ ಹಜಾರದಲ್ಲಿ ಇಪ್ಪತ್ತು ಜನ. ಗ್ರೆಟಾ ಮುಂದಿನ ಸಾಲಿನಲ್ಲಿ, ಆರ್ವಲ್ ಹಿಂದೆ ಒಲೆಯ ಪಕ್ಕ. ಬರ್ಟ್ ಗಂಟಲು ಸರಿಮಾಡಿಕೊಂಡು, "ಇದು ನಮಗೆಲ್ಲ ದುಃಖದ ವಿಷಯ—" ಎಂದು ಶುರುಮಾಡಿದ.

"ನಿಂಗೆ ಎಲ್ಲರಿಗಿಂತ ಜಾಸ್ತಿ," ಎನ್ನುತ್ತ ವಿಲ್ಮಾ ಎದ್ದಳು. ಮೇಜಿನ ಮೇಲೆ ಬಿಳಿ ಕರವಸ್ತ್ರ ಹಾಸಿ ಗುಂಡುಗಳನ್ನು ಮೂರು ಕಡೆ ಬೇರೆಬೇರೆಯಾಗಿ ಇಟ್ಟಳು.

"ಎಲ್ಲರೂ ಮದ್ದು ನೋಡಿದ್ರಿ. ಗುಂಡು ಯಾರೂ ನೋಡ್ಲಿಲ್ಲ. ಆರ್ವಲ್‌ದೇ ಗುಂಡು ಅಂತ ಗೊತ್ತಿತ್ತಲ್ಲ, ಬಿಚ್ಚಿ ಕಸಕ್ಕೆ ಎಸೆದ್ರಿ. ನಾನು ಆ ಪೆಟ್ಟಿಗೆಯ ಇನ್ನೂ ಎಂಟು ಬಿಚ್ಚಿದೆ. ನೋಡಿ— ಈ ಗುಂಪು ಆರ್ವಲ್‌ನ ಬೇರೆ ಪೆಟ್ಟಿಗೆಯದ್ದು. ಕಚ್ಚಿನ ತುಂಬ ಮೇಣ, ಸೀಸ ನುಣ್ಣಗಿದೆ. ಇದು ಕೋರಾಳ ಪೆಟ್ಟಿಗೆಯದ್ದು. ಮೇಣ ಅರ್ಧ ಉಜ್ಜಿಹೋಗಿದೆ. ಮೈ ಮೇಲೆ ಗೀರು. ಎಷ್ಟಿದೆ, ಲೈಲ್?"

ಕನ್ನಡಕ ಏರಿಸಿ ನೋಡಿದೆ. "ಮೂರು. ಸುತ್ತಲೂ ಸಮ ದೂರದಲ್ಲಿ. ಒಂದು ಮಾತ್ರ ಜೋಡಿಗೀರು."

"ಬೆರಳು ಸೀಸವನ್ನ ಗೀರಲ್ಲ. ಗುಂಡು ಕೂರಿಸೋ ಯಂತ್ರದ ಬಾಯಲ್ಲಿ ಮೂರು ಉಕ್ಕಿನ ಗೋಲಿ ಇರ್ತವೆ. ಗುಂಡು ಬೀಳದ ಹಾಗೆ ಹಿಡ್ಕೊಳ್ಳೋಕೆ. ಒಂದು ಗೋಲಿಗೆ ಪೆಟ್ಟು ಬಿದ್ದಿದ್ರೆ ಗೀರು ಜೋಡಿಯಾಗುತ್ತೆ. ಈಗ ಈ ಹಸಿರುಗುಂಡು ನೋಡು. ಸೋಮವಾರ ಬರ್ಟ್ ಶೆಡ್ಡಿಂದ ತಂದದ್ದು."

ನೋಡಿದೆ. ಮೂರು ಗೀರು. ಒಂದು ಜೋಡಿ.

"ಮೇಣ ಕೊಳವೆಯಲ್ಲಿ ಕಟ್ಕೊಳ್ತು ಅಲ್ವಾ ಬರ್ಟ್? ನೀನು ಸ್ಕ್ರೂಡ್ರೈವರ್‌ನಲ್ಲಿ ಮೀಟಿದೆ, ಗೋಲಿಗೆ ಪೆಟ್ಟಾಯ್ತು. ಬಿಸಿಗಾಳಿ ಬಿಟ್ಟು ಕರಗಿಸಿದೆ. ಗುಂಡು ಇಳೀಲಿ ಅಂತ ಹಿಡಿ ಮೇಲೆ ಕೆಳಗೆ ಆಡಿಸಿದೆ. ಹಿತ್ತಾಳೆ ಕೊಳವೆ ನಿಲ್ಲೋ ನಿನ್ನ ಯಂತ್ರದ ಕೆಳತಟ್ಟೆ ಕೈಯಲ್ಲೇ ತಿರುಗಿಸಬೇಕು. ನೀನು ತಿರುಗಿಸಲಿಲ್ಲ. ಹಿಡಿ ಎರಡು ಸಲ ಇಳೀತು, ಒಂದೇ ಹಿತ್ತಾಳೆ ಕೊಳವೆಗೆ ಮದ್ದು ಎರಡು ಸಲ ಬಿತ್ತು. ಆಮೇಲೆ ಗುಂಡೂ ಇಳೀತು. ಬಾಯಿ ಮುಚ್ಕೊಳ್ತು."

ವಿಲ್ಮಾ ಹಸಿರು ಗುಂಡನ್ನು ಬರ್ಟ್‌ನ ಮುಂದೆ ತಳ್ಳಿದಳು.

"ಆರ್ವಲ್‌ನ ಹಳೇ ಪೆಟ್ಟಿಗೆಯಲ್ಲಿ ತುಂಬಿ, ಕಪಾಟಲ್ಲಿ ಒಂದನ್ನ ಬದಲಾಯಿಸಿದವನು ನೀನು. ಯಾಕೆ?"

ಬರ್ಟ್ ಕುರ್ಚಿಯ ಬೆನ್ನು ಹಿಡಿದುಕೊಂಡ. "ಪಂದ್ಯ ಮುಗಿದ ಮೇಲೆ ಹೇಳೋಣ ಅಂತಿದ್ದೆ. ಇಷ್ಟು ಹೊತ್ತು ನೀವು ಹೊಡೆದದ್ದು ನನ್ನ ಯಂತ್ರದ್ದು ಅಂತ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ ಅಂತ. ಅಷ್ಟೇ. ಒಂದು ನಗು, ಅಷ್ಟೇ."

"ಬೆರಳು ಹೋದ ಮೇಲೆ?"

"ಆಮೇಲೆ… ಹೇಳೋಕೆ ಆಗಲಿಲ್ಲ."

ಹಿಂದಿನಿಂದ ಆರ್ವಲ್ ಕೇಳಿದ. ಬೆಂಕಿ ಹತ್ತಿದ ದನಿಯಲ್ಲ, ಕಸುಬಿನವನ ದನಿ. "ಎಷ್ಟು ಸಲ ಸಿಕ್ಕಿಹಾಕ್ಕೊಳ್ತು?"

"ಏಳೋ ಎಂಟೋ."

"ಒಂದು ಸಲವಾದ್ರೂ ಒಳಗೆ ಟಾರ್ಚ್ ಬಿಟ್ಟು ನೋಡಿದ್ಯಾ?"

ಬರ್ಟ್ ತಲೆಯಾಡಿಸಿದ. ಇಲ್ಲ.

ಗ್ರೆಟಾ ಎದ್ದು ತಂದೆಯ ಬಳಿ ಹೋದಳು. "ಅಪ್ಪಾ, ನಾನಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಮಾಡಿದೆ, ಹೇಗೆ ಮಾಡಿದೆ ಅಂತಲೇ ಕೇಳಿದ್ರಿ ಎಲ್ಲ. ಮಾಡಿದ್ಯಾ ಅಂತ ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ ಮಗಳೇ. ಕೇಳಿ ಕೇಳಿ ನಾನೂ ನಂಬಿಬಿಟ್ಟೆ."

ಅವಳು ಕೈ ಚಾಚಿದಳು. ಅವನು ಟೋಪಿ ತೆಗೆದುಕೊಂಡು ನನ್ನ ಕಡೆ ತಿರುಗಿದ. "ಲೈಲ್, ನನ್ನನ್ನ ಕೋರಾ ಮನೆಗೆ ಬಿಡು."

ಕೋರಾ ಬಲಗೈಯಲ್ಲಿ ಬಾಗಿಲು ತೆರೆದಳು. ಎಡಗೈಗೆ ಬಟ್ಟೆ ಸುತ್ತಿ ಎದೆಗೆ ಆನಿಸಿಕೊಂಡಿದ್ದಳು. ಮುದುಕ ಮೆಟ್ಟಿಲ ಕೆಳಗೇ ನಿಂತು ಹೇಳಿದ.

"ತೋಟಾ ಕಟ್ಟಿದ್ದು ನಾನಲ್ಲ, ಕೋರಾ. ಬರ್ಟ್."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ಗುಂಡು?"

"ಗುಂಡು ನಂದೇ. ಕೇಳಿದ, ಕೊಟ್ಟೆ."

"ಬೆರಳು ಬರಲ್ಲ ಅಲ್ವಾ ತಾತ, ಯಾರು ಮಾಡಿದ್ರೂ."

"ಬರಲ್ಲ."

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಒಳಗೆ ಹೋದ. ಹಿಂದಕ್ಕೆ ಕರೆದೊಯ್ಯಬೇಕಾದೀತೆಂದು ನಾನು ಪಿಕಪ್ಪಿನ ಎಂಜಿನ್ ಆರಿಸಿರಲಿಲ್ಲ. ಅರ್ಧ ಗಂಟೆಯಾದ ಮೇಲೆ ಆರಿಸಿದೆ.